ಬಸ್ಸಿನ ಮೊದಲ ಮೆಟ್ಟಿಲು

ನನ್ನ ಹತ್ತಿರ ಬರುತ್ತಿದ್ದ ರೋಗಿಯೊಬ್ಬರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಂಟು ದಿನ ಕಳೆದ ಮೇಲೆ. ಅವರ ಹೆಂಡತಿ ಫೋನ್ ಮಾಡಿದ್ದರು. "ಬಾಯಮ್ಮ, ನಿಮಗೆ ಹೇಳ್ಲಿಕ್ಕೆ ಬಾಕಿಯಾಯ್ತು. ಅವರು ಹೋದ್ರು. ಎರಡನೇ ಸಲ ಸ್ಟ್ರೋಕ್ ಆಯ್ತು." ನಾನಾಗ ಅಳತೆಯ ಅಚ್ಚು ತೆಗೆಯಲು ಒಬ್ಬರ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದೆ. ಫೋನು ಸ್ಪೀಕರಿನಲ್ಲಿತ್ತು. ಪ್ಲಾಸ್ಟರ್ ಸುತ್ತಲು ತೊಡಗಿದರೆ ನಡುವೆ ನಿಲ್ಲಿಸುವ ಹಾಗಿಲ್ಲ, ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಸುತ್ತುತ್ತಲೇ "ಯಾವಾಗ ಅಕ್ಕಾ?" ಎಂದೆ, ಸುತ್ತುತ್ತಲೇ ಉತ್ತರ ಕೇಳಿಸಿಕೊಂಡೆ. ಅಚ್ಚು ಒಣಗಿ, ಅದನ್ನು ಸೀಳಿ ತೆಗೆದು, ಆ ರೋಗಿಯ ಕಾಲು ಒರೆಸಿ ಕಳಿಸಿದ ಮೇಲೆ ಕೈ ತೊಳೆಯಲು ಹೋದವಳು ಉಗುರಿನ ಸಂದಿಯ ಪ್ಲಾಸ್ಟರ್ ಹೋದ ಮೇಲೂ ತೊಳೆಯುತ್ತಲೇ ಇದ್ದೆ.

ಮಂಗಳೂರಿನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ. ಕಾಲಿಗೆ, ಬೆನ್ನಿಗೆ, ಕುತ್ತಿಗೆಗೆ ಆಧಾರ ಬೇಕಾದವರಿಗೆ ಅದನ್ನು ಅಳತೆ ತೆಗೆದು ಮಾಡಿಕೊಡುವುದು. ಬರುವವರಲ್ಲಿ ಹೆಚ್ಚಿನವರು ಸ್ಟ್ರೋಕ್ ಆದವರು. ಒಂದು ಬದಿಯ ಪಾದ ಜೋತುಬಿದ್ದಿರುತ್ತದೆ. ಹೆಜ್ಜೆ ಎತ್ತಿದರೆ ಬೆರಳು ನೆಲಕ್ಕೆ ಉಜ್ಜುತ್ತದೆ, ಪಾದ ಒಳಗೆ ತಿರುಚುತ್ತದೆ, ಎಡವಿ ಬೀಳುತ್ತಾರೆ. ಮೊಣಕಾಲಿನ ಕೆಳಗಿನಿಂದ ಪಾದದ ಅಡಿಯವರೆಗೆ ಬರುವ ಪ್ಲಾಸ್ಟಿಕ್ಕಿನ ಬ್ರೇಸ್ ಕಟ್ಟಿದರೆ ಪಾದ ನೆಟ್ಟಗೆ ನಿಲ್ಲುತ್ತದೆ. ಹೇಳುವುದಕ್ಕೆ ಇಷ್ಟೇ. ಹದಿನೆಂಟು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಪ್ಲಾಸ್ಟರಿನ ನೀರಿಗೆ ನನ್ನ ಬೆರಳ ತುದಿಗಳು ಒಡೆದುಹೋಗಿವೆ. ಮಾಡಿಕೊಟ್ಟ ಬ್ರೇಸುಗಳಲ್ಲಿ ಎಷ್ಟೋ ಮನೆಯ ಕಪಾಟಿನ ಮೇಲೆ ಧೂಳು ತಿನ್ನುತ್ತಿರುತ್ತವೆ ಎಂದು ನನಗೆ ಗೊತ್ತು. ಕೇಳಿದರೆ "ಸೆಕೆಗೆ ಆಗುದಿಲ್ಲ ಸಿಸ್ಟರ್" ಎನ್ನುತ್ತಾರೆ. ನಾನು ಸಿಸ್ಟರ್ ಅಲ್ಲ ಎಂದು ಹೇಳುವುದನ್ನು ಯಾವತ್ತೋ ಬಿಟ್ಟಿದ್ದೇನೆ.

ಈಗ ತೀರಿಹೋದ ಅವರು ಮೊದಲ ಸಲ ಗಾಲಿಕುರ್ಚಿಯಲ್ಲಿ ಬಂದಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಎಡಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿತ್ತು. ಎಡಪಾದಕ್ಕೆ ಚಪ್ಪಲಿ ನಿಲ್ಲುತ್ತಿರಲಿಲ್ಲ. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ. "ನೀವು ತೊಕ್ಕೊಟ್ಟಿನಲ್ಲಿ ಹತ್ತುದಲ್ವಾ? ಕಿಟಕಿಗೆ ತಲೆ ಇಟ್ಟು ನಿದ್ದೆ. ಹಂಪನಕಟ್ಟೆಯಲ್ಲಿ ನಾನೇ ಎಬ್ಬಿಸ್ಬೇಕಿತ್ತು."

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಆ ಸ್ವರದ ಗುರುತು ಸಿಕ್ಕಿತು. "ದುಂಬು ಪೋಲೆ, ದುಂಬು ಪೋಲೆ" ಎಂದು ಜನರನ್ನು ಬಸ್ಸಿನ ಮುಂದಕ್ಕೆ ತಳ್ಳುತ್ತಿದ್ದ ಸ್ವರ. ಕಾಲೇಜಿನ ಮೂರು ವರ್ಷ ನಾನು ಉಳ್ಳಾಲದಿಂದ ಬರುವ ಅದೇ ಸಿಟಿ ಬಸ್ಸಿನಲ್ಲಿ ಹೋಗಿದ್ದೆ, ಅವರೇ ಕಂಡಕ್ಟರ್. ಎರಡೂ ಕಾಲನ್ನು ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ, ಕೈಯಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ನಿಲ್ಲುತ್ತಿದ್ದರು. ನೇತ್ರಾವತಿ ಸೇತುವೆಯ ಮೇಲೆ ಬಸ್ಸು ಓಲಾಡಿದರೂ ಅವರು ಓಲಾಡುತ್ತಿರಲಿಲ್ಲ. ಈಗ ಕುರ್ಚಿಯಿಂದ ಎದ್ದು ನಿಲ್ಲಲು ಇಬ್ಬರು ಹಿಡಿಯಬೇಕಾಗಿತ್ತು.

ಜನರನ್ನು ಅವರು ಹತ್ತುವ ಸ್ಟಾಪಿನಿಂದ ನೆನಪಿಟ್ಟುಕೊಳ್ಳುತ್ತಿದ್ದರು, ಹೆಸರಿನಿಂದಲ್ಲ. ಕಾಯುವ ಬೆಂಚಿನಲ್ಲಿ ಕುಳಿತವರನ್ನು ನೋಡಿ, "ಅವರು ಮೋರ್ಗನ್ಸ್ ಗೇಟ್. ಯಾವಾಗಲೂ ಕೊಡೆ ಮರೆತು ಹೋಗುದು" ಎನ್ನುತ್ತಿದ್ದರು. ಅರ್ಧ ಊರು ಅವರಿಗೆ ಹಾಗೆ ಗೊತ್ತಿತ್ತು. ನನ್ನನ್ನು ಮೊದಮೊದಲು ಮೇಡಂ ಎಂದರು. ಮೂರನೆಯ ಭೇಟಿಯ ಹೊತ್ತಿಗೆ ಬಾಯಮ್ಮ ಎನ್ನತೊಡಗಿದರು. ನಮ್ಮ ಊರಿನ ತುಳುವರು ಹಿಂದೆಲ್ಲ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಗೆ ಕರೆಯುತ್ತಿದ್ದದ್ದು ಹಾಗೆ. ಈಗ ಯಾರೂ ಕರೆಯುವುದಿಲ್ಲ.

ಅವರ ಮನೆ ಜೆಪ್ಪುವಿನ ಒಂದು ಓಣಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಮಕ್ಕಳಿಲ್ಲ. ಸ್ಟ್ರೋಕ್ ಆದ ಮೇಲೆ ಅವರನ್ನು ಎಬ್ಬಿಸುವುದು, ಕೂರಿಸುವುದು, ಸ್ನಾನ, ಎಲ್ಲ ಅಕ್ಕನದೇ. ಅಕ್ಕ ತೆಳ್ಳಗಿನ ಹೆಂಗಸು. ಅವರು ಅಕ್ಕನ ಎರಡರಷ್ಟು.

ನಾನು ಮೊದಲು ಮಾಡಿಕೊಟ್ಟದ್ದು ಗಟ್ಟಿ ಬ್ರೇಸ್. ಪಾದದ ಗಿಣ್ಣಿನಲ್ಲಿ ಒಂದಿಷ್ಟೂ ಬಗ್ಗದ, ಒಂದೇ ತುಂಡಿನ ಪ್ಲಾಸ್ಟಿಕ್. ಅವರ ಮೀನಖಂಡ ಬಿಗಿಯಾಗಿತ್ತು, ಪಾದ ಒಳಗೆ ತಿರುಚುತ್ತಿತ್ತು, ಮೊಣಕಾಲಿಗೆ ಶಕ್ತಿ ಇರಲಿಲ್ಲ. ಅಂಥವರಿಗೆ ಅದೇ ಸರಿ ಎಂದು ಡಾಕ್ಟರೂ ಬರೆದಿದ್ದರು, ನನಗೂ ಹಾಗೇ ಅನಿಸಿತ್ತು. ಆ ದಿನ ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಎರಡು ವಾರದಲ್ಲಿ ಅವರು ಕೋಲು ಹಿಡಿದು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದರು. ಬೆರಳು ಉಜ್ಜಲಿಲ್ಲ. ಪಾದ ತಿರುಚಲಿಲ್ಲ. ನಾನು ಕಾಗದದಲ್ಲಿ 'ತೃಪ್ತಿಕರ' ಎಂದು ಬರೆದೆ.

ತೊಂದರೆಗಳು ಮನೆಗೆ ಹೋದ ಮೇಲೆ ಶುರುವಾದವು. ಬ್ರೇಸ್ ಹಾಕಿದರೆ ಶೂ ಬೇಕು. ನಮ್ಮ ಮನೆಗಳಲ್ಲಿ ಒಳಗೆ ಯಾರು ಶೂ ಹಾಕುತ್ತಾರೆ? ಶೂ ಇಲ್ಲದೆ ಟೈಲ್ಸಿನ ನೆಲದಲ್ಲಿ ಬರೇ ಪ್ಲಾಸ್ಟಿಕ್ ಜಾರುತ್ತದೆ. ಅದರ ಅಡಿಭಾಗಕ್ಕೆ ರಬ್ಬರ್ ಅಂಟಿಸಿಕೊಟ್ಟೆ. ಬ್ರೇಸ್ ಕಟ್ಟಿದ ಪಾದ ದಪ್ಪವಾಗುತ್ತದೆಂದು ಹೊರಗಿನ ಶೂ ಒಂದು ನಂಬರ್ ದೊಡ್ಡದು ಬೇಕಾಯಿತು. ಅಂಗಡಿಯವನು ಜೋಡಿ ಒಡೆಯುವುದಿಲ್ಲ ಎಂದ. ಕೊನೆಗೆ ಎರಡೂ ದೊಡ್ಡದು ತೆಗೆದುಕೊಂಡು, ಸರಿಯಿರುವ ಕಾಲಿನ ಶೂವಿಗೆ ಅಕ್ಕ ಬಟ್ಟೆ ತುಂಬಿದರು. ಪಟ್ಟಿಗಳನ್ನು ಒಂದೇ ಕೈಯಲ್ಲಿ ಎಳೆಯಲು ಆಗುತ್ತಿರಲಿಲ್ಲ. ಅಕ್ಕ ಪಟ್ಟಿಯ ತುದಿಗೆ ಬಳೆಯಷ್ಟು ದೊಡ್ಡ ರಿಂಗ್ ಹೊಲಿದರು. ಈಗ ಅವರು ಬೆರಳು ತೂರಿಸಿ ಎಳೆಯಬಹುದಾಗಿತ್ತು. ಹದಿನೆಂಟು ವರ್ಷದಲ್ಲಿ ಅದು ನನಗೆ ಹೊಳೆದಿರಲಿಲ್ಲ.

ಇಷ್ಟಾದರೂ ಅವರು ಬಂದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡಿರುತ್ತಿದ್ದರು. "ಹೇಗುಂಟು?" ಎಂದರೆ "ಉಂಟು" ಎನ್ನುತ್ತಿದ್ದರು. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಮೂರು ತಿಂಗಳ ನಂತರ ಬಲಗೈಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದರು. ಇದ್ದ ಒಂದೇ ಸರಿಯಾದ ಕೈ. ಹುಬ್ಬಿನ ಮೇಲೆ ಹೊಲಿಗೆ. ಅಕ್ಕ ಒಂದು ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟರು. ಅದರಲ್ಲಿ ಫೋನಿನಲ್ಲಿ ನೋಡಿ ತರಿಸಿದ ಒಂದು ತೆಳ್ಳಗಿನ ಪಟ್ಟಿ, ಪಾದವನ್ನು ಶೂವಿನ ಲೇಸಿಗೆ ಸಿಕ್ಕಿಸಿ ಮೇಲೆತ್ತುವಂಥದ್ದು. ಪಾದ ಬರೇ ಜೋತುಬೀಳುವವರಿಗೆ ಅದು ಸಾಕಾಗುತ್ತದೆ. ಇವರ ಹಾಗೆ ತಿರುಚುವ, ಬಿಗಿಯುವ ಪಾದವನ್ನು ಅದು ಹಿಡಿಯುವುದಿಲ್ಲ.

"ನಾನು ಹೊಲಿಗೆಯಲ್ಲಿದ್ದೆ," ಅಕ್ಕ ಹೇಳಿದರು. "ಇವರು ನಿಮ್ಮದನ್ನು ಬಿಚ್ಚಿ ಇದನ್ನು ಕಟ್ಟಿಕೊಂಡು ಒಬ್ಬರೇ ರಸ್ತೆಗೆ ಹೋಗಿದ್ದಾರೆ. ಬಸ್ಸಿಗೆ ಹತ್ಲಿಕ್ಕೆ ನೋಡಿದ್ದಾರೆ. ಮೊದಲ ಮೆಟ್ಟಿಲಿನಿಂದ ಮಗುಚಿ ಬಿದ್ದದ್ದು."

ನನಗೆ ಸಿಟ್ಟು ಬಂತು. ದಿನದ ಕೊನೆ, ನನ್ನ ಕಾಲು ನೋಯುತ್ತಿತ್ತು. "ಎಂತ ನಿಮ್ಮದು? ನಾನು ಕೊಟ್ಟದ್ದರಲ್ಲಿ ಎಂತ ತೊಂದರೆ ಇತ್ತು? ಚೆಂದ ನಡೀತಿದ್ರಿ ಅಲ್ವಾ?" ಎಂದು ಸ್ವರ ಏರಿಸಿಯೇ ಕೇಳಿದೆ.

ಅವರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಬಾಯಮ್ಮ, ನಾನು ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟವ. ಹತ್ತಿದವರ ಹತ್ತಿರ ಮೊದಲು ಎಂತ ಕೇಳುದು? ಓಡೆಗ್? ಎಲ್ಲಿಗೆ? ಅದು ಕೇಳದೆ ಟಿಕೆಟ್ ಹರಿದು ಕೊಟ್ರೆ ಆಗ್ತದಾ? ನೀವು ನನ್ನ ಹತ್ತಿರ ಒಂದು ದಿನ ಕೇಳ್ಲಿಲ್ಲ ಮಾರಾಯ್ರೆ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ನಾನು ಕುರ್ಚಿ ಎಳೆದು ಅವರೆದುರು ಕುಳಿತೆ. ಆ ದಿನದವರೆಗೆ ನಾನು ಅವರ ಎದುರು ಕುಳಿತದ್ದೇ ಇಲ್ಲ, ಯಾವಾಗಲೂ ಕಾಲಿನ ಹತ್ತಿರ ಬಗ್ಗಿಯೇ ಇರುತ್ತಿದ್ದೆ. "ಸರಿ, ಹೇಳಿ. ಎಲ್ಲಿಗೆ?"

"ಉಳ್ಳಾಲಕ್ಕೆ."

ಉಳ್ಳಾಲದಲ್ಲಿ ಅವರ ಡ್ರೈವರ್ ಇದ್ದರು, ದರ್ಗಾದ ಹಿಂದಿನ ಓಣಿಯಲ್ಲಿ. ಬ್ಯಾರಿ ಮುಸ್ಲಿಂ. ಇಪ್ಪತ್ತಮೂರು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬರು ಮುಂದೆ, ಒಬ್ಬರು ಹಿಂದೆ. ಇವರು "ರೈಟ್ ಪೋಯಿ" ಎಂದರೆ ಅವರು ಹೊರಡುವುದು. ಸ್ಟ್ರೋಕ್ ಆದಾಗ ಡ್ರೈವರ್ ಆಸ್ಪತ್ರೆಗೆ ಬಂದಿದ್ದರಂತೆ. ಮಂಚದ ಹತ್ತಿರ ನಿಂತು, ಬಾಯಿ ಓರೆಯಾದ ಇವರ ಮುಖ ನೋಡಿ, ಅತ್ತು, ಹೊರಗೆ ಹೋದವರು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಮಗಳು ಎತ್ತಿ "ಅಪ್ಪ ಮಲಗಿದ್ದಾರೆ" ಎನ್ನುವುದು.

"ಅವನಿಗೆ ನನ್ನನ್ನು ಹೀಗೆ ನೋಡ್ಲಿಕ್ಕೆ ಆಗುದಿಲ್ಲ," ಎಂದರು. "ಅದಕ್ಕೆ ನಾನೇ ಹೋಗ್ಬೇಕು. ನಡ್ಕೊಂಡು."

"ರಿಕ್ಷಾದಲ್ಲಿ ಹೋಗುವ ಅಂತ ನಾನು ಹೇಳಿ ಹೇಳಿ ಸಾಕಾಯ್ತು," ಎಂದರು ಅಕ್ಕ.

"ರಿಕ್ಷಾದಿಂದ ನನ್ನನ್ನು ಇಬ್ಬರು ಇಳಿಸುದನ್ನು ಅವ ನೋಡ್ಬೇಕಾ? ಬಸ್ಸಿನಿಂದ ಇಳೀಬೇಕು ನಾನು."

ಗಟ್ಟಿ ಬ್ರೇಸಿನಲ್ಲಿ ಬಸ್ಸು ಹತ್ತುವುದು ಯಾಕೆ ಕಷ್ಟವೆಂದು ನನಗೆ ಆಗ ಹೊಳೆಯಿತು. ಸರಿಯಿರುವ ಕಾಲನ್ನು ಮೆಟ್ಟಿಲ ಮೇಲಿಟ್ಟು ಮೈಯನ್ನು ಮುಂದಕ್ಕೆ ವಾಲಿಸಬೇಕಾದರೆ, ಕೆಳಗಿರುವ ಕಾಲಿನ ಗಿಣ್ಣು ಬಗ್ಗಬೇಕು. ಬಗ್ಗದ ಪ್ಲಾಸ್ಟಿಕ್ ಮನುಷ್ಯನನ್ನು ಹಿಂದಕ್ಕೆ ತಳ್ಳುತ್ತದೆ. ಗಿಣ್ಣಿನಲ್ಲಿ ಕೀಲು ಇಟ್ಟು ಮಾಡುವ ಬ್ರೇಸೂ ಉಂಟು. ಪಾದ ಕೆಳಗೆ ಜೋತುಬೀಳದಂತೆ ತಡೆಯುತ್ತದೆ, ಮುಂದಕ್ಕೆ ಬಗ್ಗಲು ಬಿಡುತ್ತದೆ. ಆದರೆ ಅದು ಎಲ್ಲರಿಗೂ ಆಗುವುದಿಲ್ಲ. ಮೊಣಕಾಲಿಗೆ ಬಲವಿಲ್ಲದಿದ್ದರೆ ಅದು ಕುಸಿಯಲು ಬಿಡುತ್ತದೆ. ಮೀನಖಂಡ ತೀರಾ ಬಿಗಿಯಿದ್ದರೆ ಪಾದವನ್ನು ಒಳಗೊಳಗೇ ಕೆಡಿಸುತ್ತದೆ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಡಾಕ್ಟರರ ಹತ್ತಿರವೂ ಮಾತಾಡಿದೆ. "ಮೂರು ತಿಂಗಳು ಮೊಣಕಾಲಿನ ವ್ಯಾಯಾಮ, ದಿನಾ ಮೀನಖಂಡ ಎಳೆಯುವುದು. ಆಮೇಲೆ ನೋಡುವ. ಆಗದಿದ್ದರೆ ಆಗುವುದಿಲ್ಲ ಎಂದೇ ಹೇಳುತ್ತೇನೆ" ಎಂದು ಅವರಿಗೆ ಹೇಳಿದೆ.

"ಆಯ್ತು. ಟೈಮಿಂಗ್ ಕೊಟ್ರಲ್ಲ, ಸಾಕು," ಎಂದರು.

ಆ ಮೂರು ತಿಂಗಳು ಅವರು ಹೇಗೆ ವ್ಯಾಯಾಮ ಮಾಡಿದರೆಂದು ನನಗೆ ಅಕ್ಕನಿಂದ ಗೊತ್ತು. ಬೆಳಗ್ಗೆ ಮಂಚದ ಅಂಚಿನಿಂದ ಇಪ್ಪತ್ತು ಸಲ ಏಳುವುದು, ಕೂರುವುದು. ಪ್ರತಿ ಸಲ ಏಳುವಾಗ ಒಂದೊಂದು ಸ್ಟಾಪಿನ ಹೆಸರು. ಹಂಪನಕಟ್ಟೆಯಿಂದ ಶುರುಮಾಡಿದರೆ ಉಳ್ಳಾಲ ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ಸುಸ್ತಾದರೆ ಸೇತುವೆಯ ಮೇಲೆ ಟ್ರಾಫಿಕ್ ಜಾಮ್ ಎಂದು ಕೂರುವುದು. ಅಕ್ಕ ಎದುರು ನಿಂತು ಅವರ ಎಡ ಮೊಣಕಾಲಿಗೆ ತಮ್ಮ ಮೊಣಕಾಲನ್ನು ಆನಿಸಿ ಹಿಡಿದುಕೊಳ್ಳಬೇಕಿತ್ತು. ಹೀಗೆ ಹೇಳುವಾಗ ಅಕ್ಕ ನಗುತ್ತಿದ್ದರು, ಆದರೆ ಸೊಂಟಕ್ಕೆ ಕೈ ಕೊಟ್ಟುಕೊಂಡೇ ನಿಂತಿದ್ದರು. ನಾನು ಅದನ್ನು ನೋಡಿದೆ.

ಮೂರನೆಯ ತಿಂಗಳು ಪರೀಕ್ಷೆ ಮಾಡಿದಾಗ ಮೊಣಕಾಲು ನಿಲ್ಲುತ್ತಿತ್ತು. ಹೊಸ ಅಚ್ಚು ತೆಗೆದು ಕೀಲಿನ ಬ್ರೇಸ್ ಮಾಡಿದೆ. ಅಭ್ಯಾಸಕ್ಕೆ ಬಸ್ಸಿನಷ್ಟೇ ಎತ್ತರದ ಒಂದು ಮೆಟ್ಟಿಲು ಬೇಕಿತ್ತು. ನಮ್ಮ ಆಸ್ಪತ್ರೆಯ ಮೆಟ್ಟಿಲು ಗಿಡ್ಡ, ಬಡಗಿಯ ಹತ್ತಿರ ಮಾಡಿಸಬೇಕು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರವೆಂದು ನನಗೆ ಗೊತ್ತಿರಲಿಲ್ಲ. ಅವರು ತಮ್ಮ ಮೊಣಕಾಲಿನ ಕೆಳಗೆ ಕೈಯಿಟ್ಟು ತೋರಿಸಿದರು, ಆದರೆ ಕೈಯ ಲೆಕ್ಕದಲ್ಲಿ ಬಡಗಿ ಕೆಲಸ ಮಾಡುವುದಿಲ್ಲ. ಮರುದಿನ ಅಕ್ಕ ಹೊಲಿಗೆಯ ಟೇಪು ಹಿಡಿದುಕೊಂಡು ಹೋಗಿ, ನಿಂತಿದ್ದ ಒಂದು ಬಸ್ಸಿನ ಬಾಗಿಲ ಬುಡದಲ್ಲಿ ಕೂತು ಅಳತೆ ತೆಗೆದರಂತೆ. ಅಲ್ಲಿದ್ದ ಕಂಡಕ್ಟರ್ ಕೇಳಿದನಂತೆ: "ಎಂತ ಅಕ್ಕ, ಬಸ್ಸಿಗೆ ರವಿಕೆ ಹೊಲೀಲಿಕ್ಕಾ?"

ಆ ಅಳತೆಗೆ ಮರದ ಪೆಟ್ಟಿಗೆ ಮಾಡಿಸಿ, ಪಕ್ಕದಲ್ಲಿ ಒಂದು ಕಂಬಿ ನಿಲ್ಲಿಸಿದೆವು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ಮೊದಲ ದಿನ ಒಂದು ಸಲವೂ ಆಗಲಿಲ್ಲ. ನಾಲ್ಕನೆಯ ವಾರದ ಒಂದು ದಿನ ಹತ್ತಿ ನಿಂತರು. ಪೆಟ್ಟಿಗೆಯ ಮೇಲೆ ನಿಂತು ಕೆಳಗಿದ್ದ ನಮ್ಮಿಬ್ಬರನ್ನು ನೋಡಿ, "ದುಂಬು ಪೋಲೆ" ಎಂದರು. ಕಾಯುತ್ತಿದ್ದ ರೋಗಿಗಳೂ ನಕ್ಕರು.

ಅವರು ಉಳ್ಳಾಲಕ್ಕೆ ಹೋದ ದಿನ ಭಾನುವಾರ. ನಾನು ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿಸಿಕೊಂಡು ನೇರ ಜೆಪ್ಪುವಿಗೆ ಹೋದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಬಿದ್ದರೆ ನನ್ನ ಬ್ರೇಸಿನಲ್ಲೇ ಬೀಳುವುದು ಎಂಬ ಹೆದರಿಕೆ. ಅವರು ಇಸ್ತ್ರಿ ಹಾಕಿದ ಖಾಕಿ ಬಣ್ಣದ ಅಂಗಿ ತೊಟ್ಟಿದ್ದರು. ಎರಡು ಬಸ್ಸು ಬಿಟ್ಟೆವು, ರಶ್ ಇತ್ತು. ಮೂರನೆಯದು ಬಂದಾಗ ಬಲಗೈಯಲ್ಲಿ ಕಂಬಿ ಹಿಡಿದರು. ಹಿಂದಿನಿಂದ ಯಾರೋ ಒಳ್ಳೆಯ ಮನಸ್ಸಿನಿಂದಲೇ ಕಂಕುಳಿಗೆ ಕೈ ಹಾಕಿ ಎತ್ತಲು ಹೋದರು. "ಮುಟ್ಬೇಡಿ!" ಎಂದು ಇವರು ಕೂಗಿದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಬಲಗಾಲು ಮೇಲೆ ಹೋಯಿತು. ಗಿಣ್ಣಿನ ಕೀಲು ಬಗ್ಗುವುದನ್ನು ನಾನು ಕೆಳಗಿನಿಂದ ಕಂಡೆ. ಒಂದು ಸಲ ಮೈ ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು, ಎಡಗಾಲು ಎದ್ದಿತು. ಕಂಡಕ್ಟರ್ ಅಷ್ಟು ಹೊತ್ತೂ ಸೀಟಿ ಊದಲಿಲ್ಲ. ನಾನೂ ಅಕ್ಕನೂ ಹತ್ತಿದ ಮೇಲೆ ಇವರೇ "ರೈಟ್ ಪೋಯಿ" ಎಂದರು.

ಉಳ್ಳಾಲದ ಓಣಿಯಲ್ಲಿ ಅರ್ಧ ಫರ್ಲಾಂಗು ನಡೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಡ್ರೈವರ್ ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಗೇಟಿನ ಸದ್ದಿಗೆ ತಲೆ ಎತ್ತಿದವರು ಎದ್ದು ನಿಂತರು, ಪೇಪರ್ ಕೈಯಲ್ಲೇ. ಇವರು ಗೇಟಿನಿಂದ ಜಗಲಿಯವರೆಗೆ ಒಂದೊಂದೇ ಹೆಜ್ಜೆ ಇಟ್ಟು ಬರುವವರೆಗೂ ಅವರು ಕದಲಲಿಲ್ಲ, ಸಹಾಯಕ್ಕೂ ಬರಲಿಲ್ಲ. ಹತ್ತಿರ ಬಂದ ಮೇಲೆ, "ಎಂತ, ಬಸ್ಸಿನಲ್ಲಾ?" ಎಂದು ಮಾತ್ರ ಕೇಳಿದರು.

"ಮತ್ತೆ? ನಿನ್ನ ಹಾಗೆ ಮಲಗಿರ್ಲಿಕ್ಕೆ ಆಗ್ತದಾ?"

ಡ್ರೈವರ್ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ಚಾ ಬಂತು. ಇಬ್ಬರೂ ಯಾವುದೋ ಹಳೆಯ ಬಸ್ಸಿನ ಗೇರ್ ಬಾಕ್ಸಿನ ಬಗ್ಗೆ ಒಂದು ಗಂಟೆ ಜಗಳ ಮಾಡಿದರು.

ಇದನ್ನು ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸ್ಟ್ರೋಕ್ ಆದ ದೇಹ ಹಾಗೆ ನಿಲ್ಲುವುದಿಲ್ಲ. ಒಟ್ಟು ನಾಲ್ಕು ಸಲ ಅವರು ಬಸ್ಸಿನಲ್ಲಿ ಉಳ್ಳಾಲಕ್ಕೆ ಹೋದರು. ಮಳೆಗಾಲದಲ್ಲಿ ಜ್ವರ ಬಂದು ಮೂರು ವಾರ ಮಲಗಿ ಎದ್ದಾಗ ಮೊಣಕಾಲು ಮತ್ತೆ ಸೋತಿತ್ತು. ಕೀಲಿನ ಬ್ರೇಸಿನಲ್ಲಿ ಮನೆಯೊಳಗೇ ಎರಡು ಸಲ ಕುಸಿದರು. ಎರಡು ಸಲವೂ ಅಕ್ಕ ಹಿಡಿದರು.

ಅವರು ಮತ್ತೆ ಗಾಲಿಕುರ್ಚಿಯಲ್ಲಿ ಬಂದರು. ನಾನು ಕೀಲನ್ನು ನೋಡಿದೆ, ಮೊಣಕಾಲನ್ನು ನೋಡಿದೆ. ಹೇಳಬೇಕಾದದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ ಪಟ್ಟಿಗಳನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದೆ. ಅಕ್ಕ ಔಷಧಿ ತರಲು ಮೇಲೆ ಹೋದರು. ಅಷ್ಟಕ್ಕೇ ಕಾಯುತ್ತಿದ್ದ ಹಾಗೆ ಅವರು ಹೇಳಿದರು: "ಬಾಯಮ್ಮ, ಮೊದಲಿನ ಹಾಗೆ ಗಟ್ಟಿದೇ ಮಾಡಿ."

"ಬಸ್ಸು?"

"ಬಸ್ಸು ಸಾಕು. ನಾನು ಮನೆಯಲ್ಲಿ ಒಬ್ಬನೇ ಬಾತ್ರೂಮಿಗೆ ಹೋಗಿ ಬರ್ಬೇಕು, ಬೀಳದೆ. ಅಷ್ಟು ಮಾಡಿ ಕೊಡಿ." ಅಕ್ಕ ಹೋದ ಬಾಗಿಲಿನ ಕಡೆ ನೋಡಿ, "ಅವಳಿಗೆ ಸುರತ್ಕಲ್‌ನಲ್ಲಿ ತಂಗಿ ಇದ್ದಾಳೆ. ಎರಡೂವರೆ ವರ್ಷ ಆಯ್ತು ಹೋಗದೆ. ನನ್ನನ್ನು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಂತ ಅವಳು. ಕಳಿಸ್ಬೇಕು ಅವಳನ್ನು ಒಮ್ಮೆ" ಎಂದರು.

ಮತ್ತೆ ಅಚ್ಚು ತೆಗೆದೆ. ಕಾಲು ಮೊದಲಿಗಿಂತ ಸಣಕಲಾಗಿತ್ತು, ಹಳೆಯ ಗಟ್ಟಿ ಬ್ರೇಸ್ ಅದಕ್ಕೆ ಸಡಿಲ. ಪ್ಲಾಸ್ಟರ್ ಒಣಗುವವರೆಗೆ ಪಾದವನ್ನು ನನ್ನ ಅಂಗೈಯಲ್ಲಿ ನೇರ ಹಿಡಿದು ಕುಳಿತಿದ್ದೆ. ಬಾತ್ರೂಮಿನ ಬಾಗಿಲಿನಿಂದ ಕಮೋಡಿನವರೆಗೆ ಎಷ್ಟು ಹೆಜ್ಜೆ, ಕಂಬಿ ಯಾವ ಬದಿಗೆ ಬೇಕು ಎಂದು ಮನೆಗೇ ಹೋಗಿ ನೋಡಿ ಬಂದೆ. ಹೊಸದನ್ನು ಕಟ್ಟಿಕೊಂಡು ಅವರು ಹತ್ತು ದಿನ ಅಭ್ಯಾಸ ಮಾಡಿದರು. ಅಕ್ಕನನ್ನು ಬಾಗಿಲ ಹೊರಗೆ ನಿಲ್ಲಿಸಿ, "ಒಳಗೆ ಬಂದ್ರೆ ನೋಡು" ಎಂದು ಗದರಿಸುತ್ತಿದ್ದರಂತೆ.

ಅಕ್ಕ ಹೊರಡಲು ಒಪ್ಪಿದ್ದು ಇನ್ನೊಂದು ಏರ್ಪಾಡಾದ ಮೇಲೆ. ಉಳ್ಳಾಲದಿಂದ ಡ್ರೈವರ್ ಒಂದು ಕೈಚೀಲದಲ್ಲಿ ಲುಂಗಿ, ಟವೆಲು ಹಾಕಿಕೊಂಡು ಬಂದರು. "ಎರಡು ದಿನ ನಾನಿರ್ತೇನೆ. ಅನ್ನ ಮಾಡ್ಲಿಕ್ಕೆ ನನಗೆ ಬರ್ತದೆ. ನೀವು ಹೋಗಿ" ಎಂದರಂತೆ.

ಮರುವಾರ ಅಂಚು ಉಜ್ಜಿಸಿಕೊಳ್ಳಲು ಬ್ರೇಸ್ ಹಿಡಿದುಕೊಂಡು ಅಕ್ಕ ಒಬ್ಬರೇ ಬಂದರು. ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಕಡಿಮೆಯಾದ ಹಾಗಿತ್ತು. ನಾನು ಯಂತ್ರ ನಿಲ್ಲಿಸಿ ಕೇಳಿದೆ: "ತಂಗಿಯ ಮನೆಯಲ್ಲಿ ಎಂತ ಮಾಡಿದ್ರಿ ಅಕ್ಕಾ? ಸಮುದ್ರಕ್ಕೆಲ್ಲ ಹೋದ್ರಾ?"

"ಇಲ್ಲ ಬಾಯಮ್ಮ, ಎಲ್ಲಿಗೂ ಹೋಗ್ಲಿಲ್ಲ," ಎಂದರು ಅಕ್ಕ. "ಮಲಗಿದೆ. ಅವಳು ಊಟಕ್ಕೆ ಎಬ್ಬಿಸಿದಳು, ಉಂಡೆ, ಮತ್ತೆ ಮಲಗಿದೆ. ಎರಡು ದಿನವೂ ಮಲಗಿದ್ದೇ."